ಸ್ಪಿತಿಗೆ ಒಂದೇ ಲೆನ್ಸ್ ಒಯ್ಯುವುದಾದರೆ ಯಾವುದು? ಹೋಗಿ ಬಂದವರ ಅನುಭವ

ಬಸವನಗುಡಿಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಮೂರನೇ ವಾರ ಮನೆಯವರೆಲ್ಲ ಸೇರಿ ಹಿಮಾಚಲದ ಸ್ಪಿತಿ ಕಣಿವೆಗೆ ಹೊರಟಿದ್ದೇವೆ. ಶಿಮ್ಲಾ ಕಡೆಯಿಂದ ಹತ್ತಿ ಕಲ್ಪಾ, ನಾಕೊ, ತಾಬೊ, ಧಂಕರ್, ಕಾಜಾ ನೋಡಿಕೊಂಡು, ಕುಂಜುಮ್ ಪಾಸ್ ದಾಟಿ, ಚಂದ್ರತಾಲ್ ಕೆರೆಯ ಹತ್ತಿರ ಒಂದು ರಾತ್ರಿ ಇದ್ದು ಮನಾಲಿಗೆ ಇಳಿಯುವ ಯೋಚನೆ. ನನ್ನ ಕ್ಯಾಮೆರಾ ಸೋನಿ ಎ6400. ಅದರ ಜೊತೆ ಬಂದ 16-50 ಕಿಟ್ ಲೆನ್ಸ್ ಬಿಟ್ಟರೆ ಬೇರೇನೂ ಇಲ್ಲ. ಒಂದು ಲೆನ್ಸ್‌ಗೆ ಆಗುವಷ್ಟು ದುಡ್ಡು ಕೂಡಿಟ್ಟಿದ್ದೇನೆ, ಎರಡಕ್ಕೆ ಆಗುವುದಿಲ್ಲ.

ತೆಗೆಯಬೇಕು ಅಂತಿರುವುದು ಬೆಟ್ಟ, ಗೊಂಪಾ (ಬೌದ್ಧ ಮಠ), ಊರಿನ ಜನ, ಅಪ್ಪ ಅಮ್ಮನ ಫೋಟೊ. ಸಾಧ್ಯವಾದರೆ ಒಂದು ರಾತ್ರಿ ನಕ್ಷತ್ರ. ನಾಲ್ಕು ಹೆಸರು ಕಿವಿಗೆ ಬಿದ್ದಿವೆ: ಸೋನಿ 18-135, ಸಿಗ್ಮಾ 18-50 ಎಫ್ 2.8, ಟ್ಯಾಮ್ರಾನ್ 17-70 ಎಫ್ 2.8, ಟ್ಯಾಮ್ರಾನ್ 18-300. ಅಂಗಡಿಯಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಟ್ಟದ ಮೇಲೆ ಹೊತ್ತು ತಿರುಗಿದವರು ಹೇಳಿದರೆ ಉಪಕಾರ.

ಮಲ್ಲೇಶ್ವರದಿಂದ

ಮೇಡಂ, ಲೆನ್ಸ್ ಹೆಸರು ಆಮೇಲೆ ನೋಡೋಣ. ಮೊದಲು ನೀವು ಇದುವರೆಗೆ ಊರೂರು ತಿರುಗಿ ತೆಗೆದ ಫೋಟೊಗಳನ್ನು ಕಂಪ್ಯೂಟರ್‌ಗೆ ಹಾಕಿ, ಯಾವ ಫೋಕಲ್ ಲೆಂತ್‌ನಲ್ಲಿ ಜಾಸ್ತಿ ತೆಗೆದಿದ್ದೀರಿ ಅಂತ ನೋಡಿ. ಲೆನ್ಸ್ ಹೆಸರಿನಲ್ಲಿರುವ 16, 50 ಅನ್ನುವ ಅಂಕಿಗಳೇ ಅದು, ಮಿ.ಮೀ. ಲೆಕ್ಕದಲ್ಲಿ. ಚಿಕ್ಕದಾದಷ್ಟೂ ಅಗಲ ಹಿಡಿಯುತ್ತದೆ, ದೊಡ್ಡದಾದಷ್ಟೂ ದೂರದ್ದನ್ನು ಎಳೆಯುತ್ತದೆ. ಲೈಟ್‌ರೂಮ್ ಅನ್ನುವ ಫೋಟೊ ಸಾಫ್ಟ್‌ವೇರ್ ಇದ್ದರೆ ಅದೇ ಬೇರೆ ಬೇರೆ ಮಾಡಿ ತೋರಿಸುತ್ತದೆ. ಬಹುಪಾಲು 50ಕ್ಕೇ ಬಂದು ನಿಂತಿದ್ದರೆ ನಿಮಗೆ ದೂರ ಎಳೆಯುವ ಲೆನ್ಸ್ ಬೇಕು. 16ರಲ್ಲೇ ಜಾಸ್ತಿ ಇದ್ದರೆ ನಾನು ಮುಂದೆ ಹೇಳುವುದನ್ನು ಸ್ವಲ್ಪ ಅನುಮಾನದಿಂದಲೇ ಓದಿ.

ನನ್ನ ಮತ 18-135ಕ್ಕೆ. ಬೆಟ್ಟ ಅಂದ ಕೂಡಲೇ ಎಲ್ಲರೂ ಅಗಲದ ಲೆನ್ಸ್ ಬೇಕು ಅನ್ನುತ್ತಾರೆ. ಅಲ್ಲಿ ಹೋಗಿ ನಿಂತಾಗ ಆಗುವುದೇ ಬೇರೆ. ಅಗಲದ ಲೆನ್ಸ್ ಹತ್ತಿರದ್ದನ್ನು ದೊಡ್ಡದು ಮಾಡುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಕಣ್ಣಿಗೆ ಮೈಮೇಲೆ ಬಿದ್ದ ಹಾಗೆ ಕಂಡ ಶಿಖರ ಫೋಟೊದಲ್ಲಿ ಮೂಲೆಗೆ ಸೇರಿಬಿಡುತ್ತದೆ. ಮುಂದೆ ಪೂರ್ತಿ ರಸ್ತೆ, ಜಲ್ಲಿ, ನಿಂತಿರುವ ಟಿಟಿ (ಟೆಂಪೊ ಟ್ರಾವೆಲರ್).

ಲಾಂಗ್ಜಾ ಊರಿಗೆ ಹೋಗುತ್ತೀರಿ ಅಲ್ವಾ? ಕಾಜಾದಿಂದ ಮೇಲಕ್ಕೆ ಹೋಗುವ ದಾರಿಯಲ್ಲಿದೆ. ಅಲ್ಲಿ ಮಣ್ಣಿನ ಮನೆಗಳ ಆಚೆಗೆ ಚೌ ಚೌ ಕಾಂಗ್ ನಿಲ್ದಾ ಅನ್ನುವ 6303 ಮೀಟರ್ ಶಿಖರ ನಿಂತಿದೆ. ಮನೆಗಳ ಹತ್ತಿರ ಹೋಗಿ 18ರಲ್ಲಿ ತೆಗೆದರೆ ಮನೆಯೇ ದೊಡ್ಡದು, ಶಿಖರ ಪುಟ್ಟದು. ಅದೇ ನೀವು ಹಿಂದೆ ಹಿಂದೆ ನಡೆದು ಹೋಗಿ, 80-100ಕ್ಕೆ ಜೂಮ್ ಮಾಡಿ ತೆಗೆಯಿರಿ. ಮನೆ ಮೊದಲಿನಷ್ಟೇ ಇರುತ್ತದೆ, ಹಿಂದಿನ ಬೆಟ್ಟ ಎದ್ದು ಬಂದು ನಿಲ್ಲುತ್ತದೆ. ಇದರಲ್ಲಿ ಲೆನ್ಸ್‌ನ ಮಾಯೆ ಏನಿಲ್ಲ. ನೀವು ಹಿಂದೆ ಸರಿದಾಗ ಮನೆಗೂ ನಿಮಗೂ ಇರುವ ದೂರ ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಬೆಟ್ಟಕ್ಕೂ ನಿಮಗೂ ಇರುವ ದೂರದಲ್ಲಿ ಹೆಚ್ಚುಕಡಿಮೆ ಏನೂ ಬದಲಾಗುವುದಿಲ್ಲ. ಜೂಮ್ ಮಾಡಿದಾಗ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಅಷ್ಟೇ. ಆದರೆ ಇಷ್ಟು ಮಾಡಲು ಲೆನ್ಸ್‌ನಲ್ಲಿ 100 ಇರಬೇಕು. 50ಕ್ಕೆ ಮುಗಿಯುವ ಲೆನ್ಸ್‌ನಲ್ಲಿ ಎಷ್ಟು ಹಿಂದೆ ನಡೆದರೂ ಮನೆ ಚಿಕ್ಕದಾಗುತ್ತದೆ ಹೊರತು ಈ ಚಿತ್ರ ಬರುವುದಿಲ್ಲ.

ಕೀ ಗೊಂಪಾದ ಕತೆಯೂ ಹೀಗೇ. ಎಲ್ಲರೂ ನೋಡಿರುವ ಆ ಫೋಟೊ, ದಿಬ್ಬದ ಮೇಲೆ ಒಂದರ ಮೇಲೊಂದು ಬಿಳಿ ಮನೆಗಳು, ಹಿಂದೆ ಕವಲು ಕವಲಾಗಿ ಹರಿಯುವ ಸ್ಪಿತಿ ನದಿ, ಅದನ್ನು ತೆಗೆಯುವುದು ಗೊಂಪಾದ ಬುಡದಲ್ಲಿ ನಿಂತು ಅಲ್ಲ. ಕಿಬ್ಬರ್ ಕಡೆ ಹತ್ತುವ ರಸ್ತೆಯಲ್ಲಿ ಮೇಲಕ್ಕೆ ಹೋಗಿ ತಿರುಗಿ ನೋಡಬೇಕು. ಆ ದೂರದಿಂದ ಗೊಂಪಾ ಚೌಕಟ್ಟು ತುಂಬಬೇಕಾದರೆ ಜೂಮ್ ಬೇಕೇ ಬೇಕು.

ಇನ್ನು ಕಲ್ಪಾ. ಕಣಿವೆಯ ಆಚೆ ಕಿನ್ನರ ಕೈಲಾಸದ ಸಾಲು. ಅದರ ಏಣಿನ ಮೇಲೆ ಶಿವಲಿಂಗ ಅಂತ ಪೂಜಿಸುವ ಕಂಬದಂಥ ಬಂಡೆ ಇದೆ. 50ರಲ್ಲಿ ಅದು ಬೆಂಕಿಕಡ್ಡಿಯ ತುದಿಯಷ್ಟೂ ಕಾಣುವುದಿಲ್ಲ. 135ರಲ್ಲಿ ಇದು ಬಂಡೆ, ಇದು ಹಿಮ ಅಂತ ಗುರುತು ಹಿಡಿಯಬಹುದು. ಸಮಯವನ್ನೂ ಹೇಳಿಬಿಡುತ್ತೇನೆ. ಸೂರ್ಯ ಆ ಸಾಲಿನ ಹಿಂದಿನಿಂದ ಬರುತ್ತಾನೆ. ಹಾಗಾಗಿ ಬೆಳಿಗ್ಗೆ ಶಿಖರಗಳ ಮುಖ ನೆರಳಲ್ಲಿರುತ್ತದೆ, ಅಂಚು ಮಾತ್ರ ಹೊಳೆಯುತ್ತದೆ. ಬಂಗಾರದ ಬಣ್ಣ ಬರುವುದು ಸಂಜೆ. ಮಧ್ಯಾಹ್ನವೇ ಕಲ್ಪಾ ತಲುಪುವ ಹಾಗೆ ಡ್ರೈವರ್‌ಗೆ ಹೇಳಿಕೊಳ್ಳಿ.

ತೂಕದ ವಿಷಯ. 18-135 ಲೆನ್ಸ್ 325 ಗ್ರಾಂ. ನಿಮ್ಮ ಬಾಡಿ, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾ, ಬ್ಯಾಟರಿ ಸೇರಿ 403 ಗ್ರಾಂ. ಒಟ್ಟು ಮುಕ್ಕಾಲು ಕೆ.ಜಿ.ಯೂ ಆಗುವುದಿಲ್ಲ. ಕೋಮಿಕ್‌ನಂಥ ಕಡೆ, 4500 ಮೀಟರ್ ದಾಟಿದ ಮೇಲೆ ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರುತ್ತದೆ. ಭಾರವಾದ ಕ್ಯಾಮೆರಾ ಬ್ಯಾಗಿನೊಳಗೇ ಉಳಿಯುತ್ತದೆ, ಹಗುರವಾದದ್ದು ಕೈಗೆ ಬರುತ್ತದೆ.

ಜಯನಗರದಿಂದ

ಮಲ್ಲೇಶ್ವರದ ಸಾರ್ ಹೇಳಿದ್ದು ಬೆಟ್ಟದ ಮಟ್ಟಿಗೆ ಸರಿ. ಆದರೆ ಮೇಡಂ ಬೆಟ್ಟ ಮಾತ್ರ ಕೇಳಿಲ್ಲ. ಜನ ಬೇಕು, ಅಪ್ಪ ಅಮ್ಮ ಬೇಕು ಅಂದಿದ್ದಾರೆ. ನಾನು ಟ್ಯಾಮ್ರಾನ್ 17-70 ಇಟ್ಟುಕೊಂಡು ಹೋದವಳು. ನನಗೆ ಇವತ್ತಿಗೂ ಇಷ್ಟವಾಗುವ ಫೋಟೊಗಳೆಲ್ಲ ಮನೆಯೊಳಗಿನವು.

ಅಲ್ಲಿ ಹೋಂಸ್ಟೇಗಳಲ್ಲಿ ಸಂಜೆ ಎಲ್ಲರೂ ಅಡುಗೆಮನೆಯಲ್ಲೇ ಸೇರುತ್ತಾರೆ. ನಡುವೆ ತಗಡಿನ ಒಲೆ, ಅದರ ಕೊಳವೆ ಸೂರು ದಾಟಿ ಹೊರಗೆ ಹೋಗುತ್ತದೆ. ಸುತ್ತ ಗೋಡೆಗೆ ಒರಗಿದ ಹಾಗೆ ಹಾಸು, ಮುಂದೆ ಗಿಡ್ಡ ಮೇಜು. ಒಂದು ಚಿಕ್ಕ ಬಲ್ಬ್. ಒಮ್ಮೊಮ್ಮೆ ಅದೂ ಇಲ್ಲ. ಅಜ್ಜಿ ಹಿಟ್ಟು ನಾದುತ್ತಾ ಕೂತಿದ್ದರೆ ಒಲೆಯ ಬೆಳಕು ಒಂದೇ ಕೆನ್ನೆಗೆ ಬೀಳುತ್ತದೆ. ಅಂಥ ಕಡೆ ಎಫ್ 2.8 ನಿಜವಾಗಿ ಕೆಲಸಕ್ಕೆ ಬರುತ್ತದೆ. ಎಫ್ ಅಂಕಿ ಅಂದರೆ ಲೆನ್ಸ್‌ನ ಕಿಂಡಿ (ಅಪರ್ಚರ್) ಎಷ್ಟು ತೆರೆಯುತ್ತದೆ ಅನ್ನುವ ಲೆಕ್ಕ, ಚಿಕ್ಕದಾದಷ್ಟೂ ಬೆಳಕು ಜಾಸ್ತಿ. ಎಫ್ 5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಅಳತೆ, 6400ಕ್ಕೆ ಹೋಗಬೇಕಾದ ಕಡೆ 1600ರಲ್ಲಿ ಮುಗಿಯುತ್ತದೆ. ಮುಖದ ಬಣ್ಣ ಎಷ್ಟು ಚೆನ್ನಾಗಿ ಉಳಿಯುತ್ತದೆ ಅಂತ ನೀವೇ ನೋಡಿ.

17-70ರಲ್ಲಿ ಸ್ಟ್ಯಾಬಿಲೈಸೇಷನ್, ಅಂದರೆ ಕೈ ನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದೆ. ನಿಮ್ಮ ಎ6400 ಬಾಡಿಯೊಳಗೆ ಅದಿಲ್ಲ, ಇದನ್ನು ಮರೆಯಬೇಡಿ. ಸಿಗ್ಮಾ 18-50 ಬರೀ 290 ಗ್ರಾಂ, ತುಂಬ ಚೂಪಾದ ಲೆನ್ಸ್, ಆದರೆ ಅದರಲ್ಲೂ ಸ್ಟ್ಯಾಬಿಲೈಸೇಷನ್ ಇಲ್ಲ. ಬಾಡಿಯಲ್ಲೂ ಇಲ್ಲ, ಲೆನ್ಸ್‌ನಲ್ಲೂ ಇಲ್ಲ ಅಂದರೆ ಚಳಿಗೆ ನಡುಗುವ ಕೈಯಲ್ಲಿ ವಿಡಿಯೊ ತೆಗೆದಾಗ ಗೊತ್ತಾಗುತ್ತದೆ. ಟ್ಯಾಮ್ರಾನ್ ತೂಕ 525 ಗ್ರಾಂ, ಅದು ಮಾತ್ರ ಕೈಗೆ ಗೊತ್ತಾಗುತ್ತದೆ.

ಜನರ ಫೋಟೊ ಬಗ್ಗೆ ಇನ್ನೊಂದು ಮಾತು. ದೂರದಿಂದ ಜೂಮ್ ಮಾಡಿ ಕದ್ದು ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಹತ್ತಿರ ಹೋಗಿ, "ಜುಲೇ" ಅಂತ ನಮಸ್ಕಾರ ಹೇಳಿ, ಕೂತು ಚಹಾ ಕುಡಿದು, ಕೇಳಿ ತೆಗೆಯಿರಿ. ಅದಕ್ಕೆ 70 ಧಾರಾಳವಾಗಿ ಸಾಕು.

ವಿಜಯನಗರದಿಂದ

ನನ್ನದು ಚಿಕ್ಕ ಮಾತು. ಏನೂ ಕೊಳ್ಳಬೇಡಿ. ಕಿಟ್ ಲೆನ್ಸ್ 116 ಗ್ರಾಂ, ಅಗಲದ ತುದಿ 16. ಹಗಲು ಹೊತ್ತಿನಲ್ಲಿ ಎಫ್ 8ಕ್ಕೆ ಇಟ್ಟರೆ ಎ3 ಅಳತೆಗೆ ಮುದ್ರಿಸಿದರೂ ಯಾರೂ ದೂರು ಹೇಳುವುದಿಲ್ಲ. ಆ ದುಡ್ಡಿನಲ್ಲಿ ಕಾಜಾದಲ್ಲಿ ಇನ್ನೆರಡು ದಿನ ಜಾಸ್ತಿ ಉಳಿಯಿರಿ. ಒಳ್ಳೆ ಬೆಳಕಿಗೆ ಕಾಯಲು ಸಮಯ ಸಿಕ್ಕರೆ ಫೋಟೊ ಚೆನ್ನಾಗಿ ಬರುತ್ತದೆ, ಅಪ್ಪ ಅಮ್ಮನಿಗೂ ಎತ್ತರಕ್ಕೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ.

ಬನಶಂಕರಿಯಿಂದ

18-300 ಬಗ್ಗೆ ಯಾರೂ ಮಾತಾಡಿಲ್ಲ, ನಾನು ಹೇಳುತ್ತೇನೆ. ಪಶ್ಚಿಮ ಘಟ್ಟದಲ್ಲಿ, ಕುಮಾರಪರ್ವತ, ತಡಿಯಾಂಡಮೋಳ್ ಕಡೆಯೆಲ್ಲ ನನ್ನ ಕ್ಯಾಮೆರಾದಲ್ಲಿ ಇದೇ ಇರುತ್ತದೆ. ಸ್ಪಿತಿಗೂ ಇದನ್ನೇ ಒಯ್ದಿದ್ದೆ. ಇದರ ಒಳ್ಳೆಯ ಗುಣ ಏನು ಅಂದರೆ 18ರಲ್ಲಿ 15 ಸೆಂ.ಮೀ. ಹತ್ತಿರದವರೆಗೂ ಫೋಕಸ್ ಆಗುತ್ತದೆ. ಕಲ್ಲಿನ ಸಂದಿಯ ಹೂವನ್ನೂ ತೆಗೆಯಬಹುದು, ಎದುರು ಗುಡ್ಡದ ಮೇಲೆ ಮೇಯುವ ಭರಲ್ ಹಿಂಡನ್ನೂ ತೆಗೆಯಬಹುದು. ಭರಲ್ ಅಂದರೆ ನೀಲಿ ಕುರಿ ಅನ್ನುತ್ತಾರಲ್ಲ, ಅದು. ಮೈಬಣ್ಣ ಅಲ್ಲಿನ ಕಲ್ಲಿನ ಬಣ್ಣವೇ, ಅಲುಗಾಡಿದರಷ್ಟೇ ಕಣ್ಣಿಗೆ ಬೀಳುತ್ತದೆ. ಕಿಬ್ಬರ್ ಸುತ್ತಮುತ್ತ ನಿಮಗೆ ಸಿಗುವ ಸಾಧ್ಯತೆ ಚೆನ್ನಾಗಿದೆ. 135ರಲ್ಲಿ ಅದು ಚುಕ್ಕಿಗಳ ಸಾಲು. 300ರಲ್ಲಿ ಕೊಂಬು ಕಾಣುತ್ತದೆ.

ಕಷ್ಟಗಳೂ ಇವೆ. ತೂಕ 620 ಗ್ರಾಂ, ಬಾಡಿ ಸೇರಿದರೆ ಒಂದು ಕೆ.ಜಿ. ದಾಟುತ್ತದೆ. ಕುತ್ತಿಗೆಗೆ ನೇತುಹಾಕಬೇಡಿ, ಬ್ಯಾಗಿನ ಭುಜದ ಪಟ್ಟಿಗೆ ಸಿಕ್ಕಿಸುವ ಕ್ಲಿಪ್ ಸಿಗುತ್ತದೆ, ಅದಕ್ಕೆ ಹಾಕಿ. ದೂರದ ತುದಿಯಲ್ಲಿ ಎಫ್ 6.3, ಅಂದರೆ ಸೂರ್ಯ ಇಳಿದ ಮೇಲೆ ಪರದಾಟ. 300ರಲ್ಲಿ ಚಿತ್ರ ಸ್ವಲ್ಪ ಮೆತ್ತಗೆ, ಎಫ್ 8ಕ್ಕೆ ಇಟ್ಟರೆ ಪರವಾಗಿಲ್ಲ. ಪ್ರಾಣಿಯ ಆಸೆ ನಿಮಗೆ ಇಲ್ಲದಿದ್ದರೆ ಇದು ಬೇಡ ಅಂತಲೇ ಹೇಳುತ್ತೇನೆ. ನನಗೆ ಆ ಆಸೆ ಜಾಸ್ತಿ, ಅದಕ್ಕೇ ನನ್ನ ಹತ್ತಿರ ಇದೆ.

ಬಸವನಗುಡಿಯಿಂದ

ಎಲ್ಲರಿಗೂ ತುಂಬ ಧನ್ಯವಾದ. ಹಳೆಯ ಫೋಟೊಗಳನ್ನು ನೋಡಿದೆ. ಮಲ್ಲೇಶ್ವರದ ಸಾರ್ ಹೇಳಿದ ಹಾಗೇ, ಹೊರಗಡೆ ತೆಗೆದವು ಬಹುಪಾಲು 50ಕ್ಕೇ ಬಂದು ನಿಂತಿವೆ. ಮನೆಯವರ ಫೋಟೊಗಳು ಮಾತ್ರ 25-35ರ ಆಸುಪಾಸು. ಪ್ರಾಣಿ ಸಿಕ್ಕರೆ ಸಂತೋಷ, ಅದಕ್ಕಂತಲೇ ಒಂದು ಕೆ.ಜಿ. ಹೊರುವ ಶಕ್ತಿ ಇಲ್ಲ. ಈಗ ಉಳಿದಿರುವುದು 18-135 ಮತ್ತು 17-70.

ಎರಡು ಅನುಮಾನ. ಒಂದು, ಗೊಂಪಾಗಳ ಒಳಗೆ ಕತ್ತಲೆ ಅಲ್ವಾ, ಅಲ್ಲಿ 18-135 ಏನು ಮಾಡುತ್ತದೆ? ಇನ್ನೊಂದು, ನಕ್ಷತ್ರಕ್ಕೆ ಎಫ್ 2.8 ಇಲ್ಲದೆ ಆಗುವುದೇ ಇಲ್ಲ ಅಂತ ಒಬ್ಬರು ಖಡಾಖಂಡಿತ ಹೇಳಿದರು. ಹೌದಾ?

ಯಲಹಂಕದಿಂದ

ಎರಡಕ್ಕೂ ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಗೊಂಪಾದ ಪ್ರಶ್ನೆ ಸುಲಭ. ತಾಬೊ ಗೊಂಪಾ ಕ್ರಿ.ಶ. 996ರಲ್ಲಿ ಶುರುವಾದದ್ದು. ಅದರ ಹಳೆಯ ಮಣ್ಣಿನ ಗುಡಿಗಳ ಒಳಗೆ ಗೋಡೆ ತುಂಬ ಚಿತ್ರ, ಮಣ್ಣಿನಲ್ಲೇ ಮಾಡಿದ ಮೂರ್ತಿಗಳು. ಅಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ. ಬಿಡದಿರುವುದೇ ಸರಿ. ಕ್ಯಾಮೆರಾ ಹೊರಗಿಟ್ಟು, ಕಣ್ಣು ಕತ್ತಲೆಗೆ ಹೊಂದುವವರೆಗೆ ಸುಮ್ನೆ ನಿಂತು ನೋಡಿ. ಬೇರೆ ಗೊಂಪಾಗಳಲ್ಲೂ ಪೂಜೆಯ ಕೋಣೆಗೆ ಹೋಗುವ ಮುಂಚೆ ಅಲ್ಲಿನ ಲಾಮಾಗಳನ್ನು ಕೇಳಿಕೊಳ್ಳಿ. ಹಾಗಾಗಿ ಗೊಂಪಾದ ಒಳಗಿನ ಕತ್ತಲೆಗಾಗಿ ಎಫ್ 2.8 ಕೊಳ್ಳುವ ಅಗತ್ಯ ಅಷ್ಟಾಗಿ ಬರುವುದಿಲ್ಲ. ಜಯನಗರದ ಅಕ್ಕ ಹೇಳಿದ ಅಡುಗೆಮನೆಗೆ ಬರುತ್ತದೆ, ಅದನ್ನು ಒಪ್ಪುತ್ತೇನೆ.

ನಕ್ಷತ್ರದ್ದು ಲೆಕ್ಕ ಹಾಕಿ ನೋಡೋಣ. ಭೂಮಿ ತಿರುಗುವುದರಿಂದ ಶಟರ್ ಜಾಸ್ತಿ ಹೊತ್ತು ತೆರೆದರೆ ನಕ್ಷತ್ರ ಗೆರೆಯಾಗುತ್ತದೆ. ಎಷ್ಟು ಹೊತ್ತು ಬಿಡಬಹುದು ಅನ್ನಲು ಒಂದು ಹಳೆಯ ಲೆಕ್ಕ ಇದೆ: 500ನ್ನು ಫೋಕಲ್ ಲೆಂತ್‌ನಿಂದ ಭಾಗಿಸುವುದು. ನಿಮ್ಮದು ಎಪಿಎಸ್-ಸಿ ಸೆನ್ಸರ್, ಅಂದರೆ ಹಳೆಯ ಫಿಲ್ಮ್ ಅಳತೆಗಿಂತ ಚಿಕ್ಕದು, ಅದಕ್ಕೆ ಫೋಕಲ್ ಲೆಂತ್‌ನ್ನು 1.5ರಿಂದ ಗುಣಿಸಿಕೊಳ್ಳಬೇಕು. 18 ಅಂದರೆ 27, ಹಾಗಾಗಿ ಸುಮಾರು 18 ಸೆಕೆಂಡು. 16 ಅಂದರೆ 24, ಸುಮಾರು 20 ಸೆಕೆಂಡು. ಚುಕ್ಕಿ ಇನ್ನೂ ಚೂಪಾಗಿ ಬೇಕಾದರೆ ಇದಕ್ಕಿಂತ ಕಡಿಮೆ ಮಾಡಿ, 12-15ಕ್ಕೆ ಇಳಿಸಿ.

ಈಗ ಅಪರ್ಚರ್. 18-135 ಅಗಲದ ತುದಿಯಲ್ಲಿ ಎಫ್ 3.5. ಎಫ್ 2.8ಕ್ಕೂ 3.5ಕ್ಕೂ ಇರುವ ವ್ಯತ್ಯಾಸ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ). ಐಎಸ್‌ಒ 3200ರಲ್ಲಿ ತೆಗೆಯುವ ಕಡೆ 5000ಕ್ಕೆ ಹೋಗಬೇಕು, ಅಷ್ಟೇ. ಸ್ವಲ್ಪ ಕಾಳು ಕಾಳಾಗಿ ಕಾಣುತ್ತದೆ, ಆದರೆ ಹಾಲುಹಾದಿ ಬಂದೇ ಬರುತ್ತದೆ. ಇಲ್ಲಿ ಇನ್ನೊಂದು ಅನುಕೂಲ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಕಿಟ್ ಲೆನ್ಸ್ ಕೂಡ ಅಗಲದ ತುದಿಯಲ್ಲಿ ಎಫ್ 3.5, ಅದೂ 16ರಲ್ಲಿ. 18-135ಗಿಂತ ಆಕಾಶ ಜಾಸ್ತಿ ಹಿಡಿಯುತ್ತದೆ. ಮೂಲೆಗಳು ಅಷ್ಟು ಚೆನ್ನಾಗಿರುವುದಿಲ್ಲ, ಕತ್ತಲೆಯಲ್ಲಿ ಮೂಲೆಯಲ್ಲಿರುವುದು ಹೇಗೂ ಬೆಟ್ಟದ ನೆರಳು. 116 ಗ್ರಾಂ ಜಾಕೆಟ್ ಜೇಬಿಗೆ ಭಾರವಲ್ಲ. ಒಯ್ಯಿರಿ, ಚಂದ್ರತಾಲ್‌ನ ಆ ಒಂದು ರಾತ್ರಿಗೆ ಬಳಸಿ.

ಲೆನ್ಸ್‌ಗಿಂತ ಮುಖ್ಯ ಎರಡಿವೆ. ಮೊದಲನೆಯದು ಟ್ರೈಪಾಡ್. ಅದಿಲ್ಲದೆ ಯಾವ ಎಫ್ ಇದ್ದರೂ ಪ್ರಯೋಜನವಿಲ್ಲ. ಎರಡನೆಯದು ಚಂದ್ರ. ಹುಣ್ಣಿಮೆ ಹತ್ತಿರ ಹೋದರೆ ನಕ್ಷತ್ರ ಮರೆತುಬಿಡಿ. ಪಂಚಾಂಗ ನೋಡಿ ಅಮಾವಾಸ್ಯೆಯ ಆಸುಪಾಸು ಚಂದ್ರತಾಲ್ ಬರುವ ಹಾಗೆ ಹೊಂದಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಹಾಲುಹಾದಿಯ ದಟ್ಟ ಭಾಗ ಕತ್ತಲಾದ ಕೂಡಲೇ ದಕ್ಷಿಣ-ನೈಋತ್ಯದ ಕಡೆ ಇರುತ್ತದೆ. ಸುತ್ತ ಬೆಟ್ಟ ಇರುವುದರಿಂದ ಬೇಗ ಮರೆಯಾಗುತ್ತದೆ. ಊಟ ಮಾಡಿ ಆಮೇಲೆ ಹೋಗೋಣ ಅನ್ನಬೇಡಿ. ಗುಡಾರಗಳು ಕೆರೆಯಿಂದ ದೂರ ಇರುತ್ತವೆ, ಕತ್ತಲಲ್ಲಿ ಕೆರೆವರೆಗೆ ನಡೆಯುವ ಸಾಹಸವೂ ಬೇಡ. ಗುಡಾರದ ಹತ್ತಿರದಿಂದಲೇ ಬೆಟ್ಟದ ಏಣು ಸೇರಿಸಿ ತೆಗೆಯಿರಿ. ಅಲ್ಲಿನ ಕ್ಯಾಂಪ್‌ಗಳು ಚಳಿ ಹೆಚ್ಚಾದಂತೆ ಬಿಚ್ಚಿಕೊಂಡು ಇಳಿಯುತ್ತವೆ, ನಿಮ್ಮ ತಾರೀಖಿಗೆ ಇರುತ್ತವಾ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಫೋಕಸ್ ಮ್ಯಾನುಯಲ್‌ಗೆ ಹಾಕಿ, ಪರದೆಯಲ್ಲಿ ದೊಡ್ಡದು ಮಾಡಿ, ಹೊಳೆಯುವ ಒಂದು ನಕ್ಷತ್ರ ಸಣ್ಣ ಚುಕ್ಕಿ ಆಗುವವರೆಗೆ ತಿರುಗಿಸಿ. ಕಿಟ್ ಲೆನ್ಸ್ ಮೋಟರ್ ಜೂಮ್, ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಎಲ್ಲ ಮತ್ತೆ ಮೊದಲಿಂದ. ಒಮ್ಮೆ ಸರಿ ಮಾಡಿಕೊಂಡ ಮೇಲೆ ಆಫ್ ಮಾಡಬೇಡಿ.

ಜೆ.ಪಿ. ನಗರದಿಂದ

ನನ್ನ ಮತವೂ 18-135ಕ್ಕೆ, ಕಾರಣ ಬೇರೆ. ನಿಮ್ಮ ಜೇಬಿನಲ್ಲಿ ಫೋನ್ ಇರುತ್ತದೆ. ಈಗಿನ ಫೋನ್‌ಗಳ ಮುಖ್ಯ ಕ್ಯಾಮೆರಾ ಹೆಚ್ಚುಕಡಿಮೆ ನಿಮ್ಮ 16ರಷ್ಟೇ ಅಗಲ, ಇನ್ನೂ ಅಗಲದ ಎರಡನೇ ಕ್ಯಾಮೆರಾ ಬೇರೆ. ಅಡುಗೆಮನೆಯ ಮಂದ ಬೆಳಕಿನಲ್ಲೂ ಅವು ಹಲವು ಫ್ರೇಮ್ ಸೇರಿಸಿ ಚೆನ್ನಾಗಿಯೇ ತೆಗೆಯುತ್ತವೆ. ಫೋನ್‌ಗೆ ಕಷ್ಟವಾಗುವುದು ದೂರದ್ದು. ಅಗಲ ಫೋನಿನಲ್ಲಿ ಸಿಗುವಾಗ, ದುಡ್ಡನ್ನು ದೂರಕ್ಕೆ ಹಾಕುವುದೇ ಜಾಣತನ ಅಂತ ನನಗೆ ಅನಿಸುತ್ತದೆ.

ಕ್ಯಾಮೆರಾದಲ್ಲೇ ಅಗಲ ಬೇಕಾದರೆ ಪನೋರಮಾ ಮಾಡಿ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಎಕ್ಸ್‌ಪೋಷರ್ ಮ್ಯಾನುಯಲ್‌ನಲ್ಲಿ ಇಟ್ಟು, ಎಡದಿಂದ ಬಲಕ್ಕೆ ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವ ಹಾಗೆ ತೆಗೆದುಕೊಂಡು ಹೋಗಿ. 35ರ ಸುತ್ತ ಇಟ್ಟು ತೆಗೆದರೆ ಬೆಟ್ಟವೂ ಕುಗ್ಗುವುದಿಲ್ಲ, ಇಡೀ ಕಣಿವೆಯೂ ಬರುತ್ತದೆ. ಧಂಕರ್‌ನಲ್ಲಿ ಸ್ಪಿತಿಯೂ ಪಿನ್ ನದಿಯೂ ಸೇರುವ ಜಾಗ ನೋಡಿದಾಗ ಇದು ನೆನಪಿಗೆ ಬರಲಿ.

ಟಿಟಿಯ ಕಿಟಕಿಯಿಂದ ತೆಗೆಯುವಾಗ ಸ್ಟ್ಯಾಬಿಲೈಸೇಷನ್ ನಂಬಬೇಡಿ. ಅದು ನಿಮ್ಮ ಕೈ ನಡುಕಕ್ಕೆ ಮಾತ್ರ. ಶಟರ್ ವೇಗ 1/1000 ಸೆಕೆಂಡು ಇಡಿ, ಮೊಣಕೈಯನ್ನು ಬಾಗಿಲಿಗೆ ಊರಬೇಡಿ, ಗಾಡಿಯ ಅದುರು ಪೂರ್ತಿ ಕ್ಯಾಮೆರಾಕ್ಕೆ ಬರುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಡ್ರೈವರ್ ಅಣ್ಣನ ಜೊತೆ ಮೊದಲ ದಿನವೇ ಸ್ನೇಹ ಮಾಡಿಕೊಂಡು, ನಿಲ್ಲಿಸಿ ಅಂದಾಗ ನಿಲ್ಲಿಸುವ ಹಾಗೆ ಮಾಡಿಕೊಳ್ಳುವುದು.

ರಾಜಾಜಿನಗರದಿಂದ

ಯಾವುದೇ ಆಗಲಿ, ಕೊಳ್ಳುವ ಮುಂಚೆ ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡಿ. ಬೆಂಗಳೂರಿನಲ್ಲಿ ಲೆನ್ಸ್ ದಿನದ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ. ಗುರುತಿನ ಚೀಟಿ, ಅಡ್ವಾನ್ಸ್ ಕೇಳುತ್ತಾರೆ. 18-135, 17-70 ಎರಡನ್ನೂ ತನ್ನಿ.

ನಸುಕಿನಲ್ಲಿ ಲಾಲ್‌ಬಾಗ್‌ಗೆ ಹೋಗಿ, ಬಂಡೆ ಹತ್ತಿ ಕೆಂಪೇಗೌಡರ ಗೋಪುರದ ಹತ್ತಿರ ನಿಲ್ಲಿ. ಸುತ್ತ ದೂರದಲ್ಲಿ ಎತ್ತರದ ಕಟ್ಟಡಗಳು ಕಾಣುತ್ತವೆ. ಒಂದು ಕಟ್ಟಡ ಆರಿಸಿಕೊಂಡು, ಎಫ್ 5.6ರಲ್ಲಿ 18, 35, 70, 135 ಹೀಗೆ ತೆಗೆಯಿರಿ. ಪ್ರತಿಸಲ ಕಟ್ಟಡ ಒಮ್ಮೆ ನಡುವೆ, ಒಮ್ಮೆ ನಾಲ್ಕೂ ಮೂಲೆಯಲ್ಲಿ ಬರಲಿ. ಮನೆಗೆ ಬಂದು ದೊಡ್ಡದು ಮಾಡಿ ನೋಡಿದಾಗ ಒಂದು ಮೂಲೆ ಮಾತ್ರ ಮಬ್ಬಾಗಿದ್ದರೆ ಆ ಲೆನ್ಸ್‌ನ ಗಾಜು ಸ್ವಲ್ಪ ವಾರೆ ಕೂತಿದೆ ಅಂತ. ಹೊಸದು ಕೊಂಡಾಗಲೂ ಇದೇ ಪರೀಕ್ಷೆ ಮಾಡಿ, ಬದಲಾಯಿಸಿಕೊಡುವ ಅವಧಿ ಮುಗಿಯುವ ಮುಂಚೆ. ಬೆಳಕು ಕಡಿಮೆ ಇರುವ ಕಡೆ ಹೇಗೆ ಅಂತ ನೋಡಲು ಅದೇ ದಿನ ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಬಹುದು. ಅಲ್ಲಿ 17-70 ತನ್ನ ಬೆಲೆ ಏನು ಅಂತ ತಾನೇ ತೋರಿಸಿಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಫೋನ್ ಟಾರ್ಚ್ ಹಾಕಿ ಹಿಂದಿನಿಂದ ಒಳಗೆ ನೋಡಿ. ಜೇಡರ ಬಲೆಯ ಹಾಗೆ ಎಳೆ ಎಳೆ ಕಂಡರೆ ಅದು ಫಂಗಸ್, ಮುಟ್ಟಬೇಡಿ. ಹೊಸದಕ್ಕೆ ಜಿಎಸ್‌ಟಿ ಬಿಲ್ ಮತ್ತು ಭಾರತದ ವಾರಂಟಿ ಎರಡೂ ಇರಲಿ. ಬಿಲ್ ಇಲ್ಲದೆ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ.

ಮಲ್ಲೇಶ್ವರದಿಂದ

ಧೂಳಿನ ಬಗ್ಗೆ ಹೇಳುವುದು ಬಿಟ್ಟುಹೋಗಿತ್ತು. ಒಂದೇ ಲೆನ್ಸ್ ಅಂತ ನಾನು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣವೇ ಇದು. ಸ್ಪಿತಿಯಲ್ಲಿ ಮಳೆ ಕಡಿಮೆ, ರಸ್ತೆಯ ಮಣ್ಣು ಹಿಟ್ಟಿನಷ್ಟು ನುಣುಪು. ಮುಂದಿನ ಗಾಡಿ ಎಬ್ಬಿಸಿದ ಧೂಳು ತುಂಬ ಹೊತ್ತು ಗಾಳಿಯಲ್ಲೇ ಇರುತ್ತದೆ. ರಸ್ತೆ ಬದಿಯಲ್ಲಿ ನಿಂತು ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಕೂರುತ್ತದೆ. ಆಮೇಲೆ ಎಫ್ 11ರಲ್ಲಿ ತೆಗೆದ ಪ್ರತಿ ನೀಲಿ ಆಕಾಶದಲ್ಲೂ ಕಪ್ಪು ಮಚ್ಚೆ. ಯಲಹಂಕದವರು ಹೇಳಿದ ಹಾಗೆ ರಾತ್ರಿಗೆ ಕಿಟ್ ಲೆನ್ಸ್ ಹಾಕುವುದಾದರೆ ಗುಡಾರದ ಒಳಗೇ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ಬದಲಿಸಿ. ರಬ್ಬರ್ ಬ್ಲೋವರ್ ಒಂದು ಇರಲಿ. ಬಾಯಿಂದ ಊದಬೇಡಿ.

18-135 ಲೆನ್ಸ್‌ಗೆ ಧೂಳು, ನೀರು ತಡೆಯುವ ರಬ್ಬರ್ ಸೀಲ್ ಇಲ್ಲ. 17-70ಗೆ ಇದೆ, ಅದು ಅದರ ಪರವಾಗಿ ಹೇಳಲೇಬೇಕಾದ ಮಾತು. 18-135 ಜೂಮ್ ಮಾಡಿದಾಗ ಮೂತಿ ಮುಂದೆ ಬರುತ್ತದೆ. ಹೊರಗೆ ಬಂದ ಕೊಳವೆಯನ್ನು ಒರೆಸದೆ ಒಳಗೆ ತಳ್ಳಬೇಡಿ, ಮೃದು ಬಟ್ಟೆಯಲ್ಲಿ ಒರೆಸಿ ಆಮೇಲೆ 18ಕ್ಕೆ ತನ್ನಿ. ಗಾಡಿಯಲ್ಲಿ ಕೂತಾಗ ಜಿಪ್ ಹಾಕುವ ಪ್ಲಾಸ್ಟಿಕ್ ಚೀಲದಲ್ಲಿಡಿ.

ಅದೇ ಚೀಲ ಚಳಿಗೂ ಬೇಕು. ಹೊರಗೆ ಸೊನ್ನೆಯ ಹತ್ತಿರ ಇದ್ದು, ಒಲೆ ಉರಿಯುವ ಕೋಣೆಗೆ ಕ್ಯಾಮೆರಾ ಸೀದಾ ತಂದರೆ ಗಾಜಿನ ಮೇಲೆ ಹನಿ ಕಟ್ಟುತ್ತದೆ, ಒಳಗೂ ಕಟ್ಟಬಹುದು. ಹೊರಗಡೆಯೇ ಚೀಲಕ್ಕೆ ಹಾಕಿ ಮುಚ್ಚಿ, ಒಳಗೆ ತಂದು, ಕೋಣೆಯ ಬಿಸಿಗೆ ಬರುವವರೆಗೆ ತೆರೆಯದೆ ಬಿಡಿ. ಮೆಮೊರಿ ಕಾರ್ಡ್ ಬೇಕಾದರೆ ಚೀಲಕ್ಕೆ ಹಾಕುವ ಮುಂಚೆಯೇ ತೆಗೆದುಕೊಳ್ಳಿ. ಜಯನಗರದವರು ಹೇಳಿದ ಅಡುಗೆಮನೆ ಫೋಟೊ ಬೇಕಿದ್ದರೆ ಸಂಜೆ ಬೇಗನೇ ಕ್ಯಾಮೆರಾ ಒಳಗೆ ತಂದಿಟ್ಟುಕೊಂಡಿರಿ.

ಬ್ಯಾಟರಿ ಚಳಿಗೆ ಬೇಗ ಇಳಿಯುತ್ತದೆ. ನಿಮ್ಮ ಕ್ಯಾಮೆರಾದ್ದು ಮೊದಲೇ ಚಿಕ್ಕ ಬ್ಯಾಟರಿ. ಕನಿಷ್ಠ ಎರಡು ಜಾಸ್ತಿ ಇರಲಿ, ಒಳ ಜೇಬಿನಲ್ಲಿ ಮೈಶಾಖಕ್ಕೆ ಇಟ್ಟುಕೊಳ್ಳಿ. ವಿಮಾನದಲ್ಲಿ ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ.

ಜಯನಗರದಿಂದ

ನಾನು 17-70 ಪರ ಅಂದಿದ್ದೆ. ಮೇಡಂ ಹಳೆಯ ಫೋಟೊ ನೋಡಿ ಹೇಳಿದ್ದನ್ನು ಓದಿದ ಮೇಲೆ 18-135 ಅವರಿಗೆ ಜಾಸ್ತಿ ಹೊಂದುತ್ತದೆ ಅಂತ ನನಗೂ ಅನಿಸುತ್ತಿದೆ. ಮನೆಯೊಳಗೆ ತೆಗೆಯುವಾಗ 18ರಿಂದ 25ರ ಒಳಗೇ ಇರಿ, ಆಗ ಅಪರ್ಚರ್ ತೀರ ಕಿರಿದಾಗುವುದಿಲ್ಲ. ಕೂತವರ ಫೋಟೊಗೆ ಸ್ಟ್ಯಾಬಿಲೈಸೇಷನ್ ನಂಬಿ ಶಟರ್ ವೇಗವನ್ನು 1/30 ಸೆಕೆಂಡಿಗೆ ಇಳಿಸಬಹುದು. ಅಜ್ಜಿಯನ್ನು ಕಿಟಕಿ ಪಕ್ಕ ಕೂರಿಸಿಕೊಳ್ಳಿ. ಅಷ್ಟು ಮಾಡಿದರೆ ಎಫ್ 2.8 ಇಲ್ಲ ಅನ್ನುವ ಕೊರತೆ ಅರ್ಧ ತುಂಬುತ್ತದೆ.

ಬಸವನಗುಡಿಯಿಂದ

ಎರಡನ್ನೂ ಬಾಡಿಗೆಗೆ ಹೇಳಿದ್ದೇನೆ, ಶನಿವಾರ ಲಾಲ್‌ಬಾಗ್. ಅಮ್ಮನಿಗೂ ಬಂಡೆ ಹತ್ತಿಸಿ ಅಭ್ಯಾಸ ಮಾಡಿಸುತ್ತೇನೆ. ಕೊನೆಯ ಪ್ರಶ್ನೆ, ಫಿಲ್ಟರ್ ಏನಾದರೂ ಬೇಕಾ? ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಇಲ್ಲದೆ ಬೆಟ್ಟಕ್ಕೆ ಹೋಗಲೇಬಾರದು ಅಂತಾರಲ್ಲ.

ಬನಶಂಕರಿಯಿಂದ

ಬೇಕೇ ಬೇಕು ಅಂತೇನಿಲ್ಲ. ನಮ್ಮ ಘಟ್ಟದಲ್ಲಿ ಮಳೆ ಬಿದ್ದ ಎಲೆಯ ಮಿನುಗು ತೆಗೆಯಲು ಅದು ತುಂಬ ಒಳ್ಳೆಯದು. ಸ್ಪಿತಿಯ ಎತ್ತರದಲ್ಲಿ ಆಕಾಶ ಮೊದಲೇ ಕಡು ನೀಲಿ. ಪೋಲರೈಸರ್ ಪೂರ್ತಿ ತಿರುಗಿಸಿದರೆ ಕಪ್ಪಿಗೆ ತಿರುಗುತ್ತದೆ. ಅಗಲದ ತುದಿಯಲ್ಲಂತೂ ಆಕಾಶದ ಒಂದು ಕಡೆ ಮಾತ್ರ ಕಪ್ಪಾಗಿ ಪಟ್ಟೆ ಬಿದ್ದ ಹಾಗೆ ಕಾಣುತ್ತದೆ. ನಾಕೊ ಕೆರೆ, ಚಂದ್ರತಾಲ್‌ನಲ್ಲಿ ನೀರಿನ ಮೇಲಿನ ಹೊಳಪು ತೆಗೆದು ತಳ ಕಾಣಿಸಬೇಕು ಅಂದರೆ ಮಾತ್ರ ಹಾಕಿ, ಅರ್ಧ ತಿರುಗಿಸಿ ಬಿಡಿ. ಹಾಕಿದಾಗ ಒಂದೂವರೆಯಿಂದ ಎರಡು ಸ್ಟಾಪ್ ಬೆಳಕು ಹೋಗುತ್ತದೆ, ಕೆಲಸ ಆದ ಮೇಲೆ ಬಿಚ್ಚಿ ಇಡಿ. 18-135ಗೆ 55 ಎಂಎಂ ಅಳತೆಯದು ಬೇಕು, 17-70ಗೆ 67. ಲೆನ್ಸ್ ಯಾವುದು ಅಂತ ತೀರ್ಮಾನ ಆದ ಮೇಲೆ ಕೊಳ್ಳಿ. ಹುಡ್ (ಲೆನ್ಸ್ ಮುಂದೆ ಹಾಕುವ ನೆರಳಿನ ಮೂತಿ) ಮಾತ್ರ ಯಾವಾಗಲೂ ಹಾಕಿಕೊಂಡೇ ಇರಿ, ಅಲ್ಲಿನ ಬಿಸಿಲು ಪಕ್ಕದಿಂದ ಬಿದ್ದರೆ ಚಿತ್ರ ಬಿಳಿಚಿಕೊಳ್ಳುತ್ತದೆ.